ತಕ್ಕಡಿಯ ಮುಳ್ಳು ನಿಲ್ಲುವ ತನಕ: ಮೊಂಜಾದ ಒಂದು ಲ್ಯಾಪ್ ಕುರಿತ ಟಿಪ್ಪಣಿ

ಲ್ಯಾಪ್ ಸಮಯ ಇಳಿಯದಿದ್ದಾಗ ಸಿಮ್ ರೇಸಿಂಗ್‌ಗೆ ಹೊಸಬರಾದವರು ಮೊದಲು ಕೈಹಾಕುವುದು ಕಾರಿನ ಸೆಟಪ್‌ಗೆ. ಹಿಂದಿನ ರೆಕ್ಕೆಯನ್ನು ಒಂದು ಹಂತ ಇಳಿಸಿ ಮೂರು ಸುತ್ತು ಓಡಿಸುತ್ತಾರೆ. ಒಂದು ಸುತ್ತು ಬೇಗ ಮುಗಿದರೆ ಬದಲಾವಣೆ ಫಲಿಸಿತೆಂದು ಬರೆದಿಟ್ಟುಕೊಳ್ಳುತ್ತಾರೆ. ಈ ತೀರ್ಮಾನಕ್ಕಿರುವ ಆಧಾರವನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಉದಾಹರಣೆಗೆ ಇಟಲಿಯ 5.793 ಕಿ.ಮೀ. ಉದ್ದದ ಮೊಂಜಾ ಟ್ರ್ಯಾಕನ್ನೂ, 2019ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ‘ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ’ ಎಂಬ ಸಿಮ್‌ನ ಜಿಟಿ3 ವರ್ಗದ ರೇಸ್ ಕಾರುಗಳನ್ನೂ ಆರಿಸಿಕೊಂಡಿದ್ದೇನೆ. ಮುಂದೆ ಬರುವ ವೇಗ, ತೂಕಗಳು ಈ ವರ್ಗದ ಕಾರುಗಳಿಗೆ ಹತ್ತಿರವಾದ ದುಂಡು ಸಂಖ್ಯೆಗಳೇ ಹೊರತು ಯಾವುದೋ ಒಂದು ಕಾರಿನ ಅಳತೆಗಳಲ್ಲ.

ಮೊಂಜಾದ ಉದ್ದನೆಯ ನೇರದಾರಿ ಮುಗಿಯುವಲ್ಲಿ ರೆಟ್ಟಿಫಿಲೊ ಎಂಬ ಬಲ-ಎಡ ತಿರುವಿದೆ. ಗಂಟೆಗೆ 270 ಕಿ.ಮೀ. ವೇಗದಲ್ಲಿ ಬಂದ ಕಾರು ಇಲ್ಲಿ 72ಕ್ಕೆ ಇಳಿಯಬೇಕು. ಗುರುತ್ವದ ಒಂದೂವರೆ ಪಟ್ಟು ಬಲದಿಂದ ಬ್ರೇಕ್ ಹಿಡಿದರೆ ಅದಕ್ಕೆ ಸುಮಾರು 178 ಮೀಟರ್ ಬೇಕು. ‘ಇನ್ನೂ ತಡವಾಗಿ ಬ್ರೇಕ್ ಹಿಡಿ’ ಎಂಬುದು ಎಲ್ಲರೂ ಕೊಡುವ ಸಲಹೆ. 5 ಮೀಟರ್ ತಡಮಾಡಿ, ಉಳಿದ ದೂರದಲ್ಲಿ ಅದಕ್ಕೆ ತಕ್ಕಷ್ಟು ಹೆಚ್ಚು ಗಟ್ಟಿಯಾಗಿ ಒತ್ತಿ, ಅದೇ ಜಾಗದಲ್ಲಿ ಅದೇ ವೇಗಕ್ಕೆ ಬಂದರೂ ಉಳಿಯುವುದು 0.04 ಸೆಕೆಂಡ್ ಮಾತ್ರ. ಟೈರು ಆಗಲೇ ಹಿಡಿತದ ಅಂಚಿನಲ್ಲಿದ್ದರೆ ಅದೂ ಸಿಗದು.

ಇದಕ್ಕೆ ಪ್ರತಿಯಾಗಿ, ಭಯದಿಂದ ಬೇಗ ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಒತ್ತಲೂ ಧೈರ್ಯ ಸಾಲದೆ, ತಿರುವಿನ ನಡುವೆ 10 ಮೀಟರ್ ಸುಮ್ಮನೆ ಉರುಳಿಕೊಂಡು ಹೋದ ಚಾಲಕನನ್ನು ಗಮನಿಸೋಣ. 72ರ ವೇಗದಲ್ಲಿ ಆ 10 ಮೀಟರಿಗೆ ಅರ್ಧ ಸೆಕೆಂಡ್ ಬೇಕು. ಅವನ ಮುಂದಿನ ಓಟವೆಲ್ಲ 10 ಮೀಟರ್ ಹಿಂದಕ್ಕೆ ಸರಿದಂತೆ. ಹಾಗಾಗಿ ಮುಂದಿನ ಬ್ರೇಕಿನ ಹೊತ್ತಿಗೆ, 252 ಕಿ.ಮೀ. ವೇಗದಲ್ಲಿ ಆ 10 ಮೀಟರ್ ದಾಟಲು ಬೇಕಾದ 0.14 ಸೆಕೆಂಡನ್ನು ಮಾತ್ರ ಅವನ ನಷ್ಟದಿಂದ ಕಳೆಯಬಹುದು. ಉಳಿದ 0.36 ಸೆಕೆಂಡ್ ಹೋದದ್ದು ಹೋದಂತೆಯೇ. ಇಂಜಿನ್ ಎಷ್ಟು ಬಲವಾಗಿದ್ದರೂ ಈ ಲೆಕ್ಕದ ಸ್ವರೂಪ ಬದಲಾಗದು. ಸಮಯ ಸೋರುವುದು ಕಾರು ನಿಧಾನವಾಗಿರುವ ಕಡೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೇ ಇದು.

ಆ ಖಾಲಿ ಜಾಗವನ್ನು ತುಂಬುವ ವಿದ್ಯೆಗೆ ಟ್ರೇಲ್ ಬ್ರೇಕಿಂಗ್ ಎಂದು ಹೆಸರು. ಸ್ಟಿಯರಿಂಗ್ ತಿರುಗುತ್ತಾ ಹೋದಂತೆ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುವುದು. 1300 ಕೆ.ಜಿ. ಕಾರಿನ ಗುರುತ್ವ ಕೇಂದ್ರ ನೆಲದಿಂದ 0.45 ಮೀಟರ್ ಎತ್ತರದಲ್ಲಿ, ಹಿಂದಿನ-ಮುಂದಿನ ಗಾಲಿಗಳ ಅಂತರ 2.65 ಮೀಟರ್ ಇದ್ದರೆ, ಮೇಲೆ ಹೇಳಿದ ಬ್ರೇಕಿನಲ್ಲಿ ಸುಮಾರು 330 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಆ ಭಾರವೇ ಮುಂದಿನ ಟೈರುಗಳಿಗೆ ತಿರುಗುವ ಶಕ್ತಿ ಕೊಡುವುದು. ಬ್ರೇಕನ್ನು ತಟ್ಟನೆ ಬಿಟ್ಟರೆ ಅದು ಹಿಂದಕ್ಕೆ ಹೋಗಿ ಕಾರಿನ ಮೂತಿ ತಿರುಗಲು ಒಲ್ಲೆನ್ನುತ್ತದೆ. ಹೊಸಬರು ಇದನ್ನೇ ಸೆಟಪ್ ದೋಷವೆಂದು ತಿಳಿದು ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಮುಂದಿನ ಆಂಟಿ-ರೋಲ್ ಬಾರನ್ನು ಸಡಿಲಗೊಳಿಸುತ್ತಾರೆ. ಕಾಲಿನ ತಪ್ಪಿಗೆ ಕಬ್ಬಿಣವನ್ನು ತಿದ್ದಿದಂತಾಯಿತು. ಪೆಡಲ್ ಚಲಿಸಿದ ದೂರಕ್ಕಿಂತ ಅದರ ಮೇಲಿನ ಒತ್ತಡವನ್ನು ಅಳೆಯುವ ಲೋಡ್‌ಸೆಲ್ ಬ್ರೇಕ್ ಇಲ್ಲಿ ನಿಜವಾಗಿ ನೆರವಾಗುತ್ತದೆ. ಕಾಲು ನೆನಪಿಟ್ಟುಕೊಳ್ಳುವುದು ಬಲವನ್ನು.

ಇನ್ನು ಅಳತೆಯ ಪ್ರಶ್ನೆ. ಒಬ್ಬ ಚಾಲಕನ ಲ್ಯಾಪ್ ಸಮಯಗಳ ಮಾನಕ ವಿಚಲನೆ, ಅಂದರೆ ಅವುಗಳ ಏರುಪೇರಿನ ಅಳತೆ, 0.3 ಸೆಕೆಂಡ್ ಎಂದಿಟ್ಟುಕೊಳ್ಳಿ. ಸೆಟಪ್ ಬದಲಾವಣೆಯಿಂದ ನಿಜವಾಗಿ 0.1 ಸೆಕೆಂಡ್ ಲಾಭವಿದೆ. ಎರಡು ಸರಾಸರಿಗಳ ವ್ಯತ್ಯಾಸ ಅದರ ಮಾನಕ ದೋಷದ ಎರಡರಷ್ಟಾದರೂ ಇರಬೇಕೆಂಬ ರೂಢಿಯ ನಿಯಮ ಹಿಡಿದರೆ, ಒಂದೊಂದು ಸೆಟಪ್‌ಗೂ 72 ಸುತ್ತು ಬೇಕು. ಸುತ್ತಿಗೆ 110 ಸೆಕೆಂಡಿನಂತೆ ಒಂದು ಸೆಟಪ್‌ಗೇ 2 ಗಂಟೆ 12 ನಿಮಿಷ. ಅಷ್ಟರಲ್ಲಿ ಟೈರು ಸವೆದಿರುತ್ತದೆ, ಇಂಧನ ಕರಗಿ ಕಾರು ಹಗುರಾಗಿರುತ್ತದೆ, ಹೋಲಿಕೆಯೇ ಕೆಡುತ್ತದೆ. ಅದೇ ಚಾಲಕ ವಿಚಲನೆಯನ್ನು 0.1ಕ್ಕೆ ಇಳಿಸಿಕೊಂಡರೆ 8 ಸುತ್ತು ಸಾಕು. ಮುಳ್ಳು ಅಲುಗಾಡುವ ತಕ್ಕಡಿಯಲ್ಲಿ ಯಾವ ಅಕ್ಕಸಾಲಿಗನೂ ಚಿನ್ನ ತೂಗುವುದಿಲ್ಲ. ಇಲ್ಲಿ ತಕ್ಕಡಿ ಚಾಲಕನೇ. ಮೂರು ಸುತ್ತಿನ ತೀರ್ಮಾನವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಟೈರಿನ ಗಾಳಿಯೊಂದನ್ನು ಮಾತ್ರ ಮೊದಲೇ ಸರಿಪಡಿಸಿಕೊಳ್ಳಬೇಕು. ಈ ಸಿಮ್‌ನ ಈಚಿನ ಆವೃತ್ತಿಗಳಲ್ಲಿ ಒಣ ಟ್ರ್ಯಾಕಿಗೆ, ಟೈರು ಬಿಸಿಯಾದ ಮೇಲೆ 26ರಿಂದ 27 ಪಿಎಸ್‌ಐ ಇರಬೇಕು. ಅದು ತಪ್ಪಿದ್ದರೆ ಉಳಿದ ಯಾವ ಹೋಲಿಕೆಗೂ ಅರ್ಥವಿಲ್ಲ. ಬ್ರೇಕ್ ಬಯಾಸನ್ನು, ಅಂದರೆ ಮುಂದಿನ-ಹಿಂದಿನ ಗಾಲಿಗಳ ನಡುವೆ ಬ್ರೇಕ್ ಬಲದ ಹಂಚಿಕೆಯನ್ನು, ತುಸು ಹಿಂದಕ್ಕೆ ಸರಿಸಿದರೆ ಬ್ರೇಕ್ ಹಿಡಿದಾಗ ಕಾರು ಸುಲಭವಾಗಿ ತಿರುಗುತ್ತದೆ, ಅತಿಯಾದರೆ ಹಿಂಬದಿ ಜಾರುತ್ತದೆ. ಟ್ರೇಲ್ ಬ್ರೇಕಿಂಗ್ ಕಾಲಿಗೆ ಹತ್ತಿದ ಮೇಲೆಯೇ ಇದನ್ನು ಮುಟ್ಟುವುದು ಸರಿ.

ರೆಕ್ಕೆಯ ವಿಷಯ ಬೇರೆ. ಮೊಂಜಾದಲ್ಲಿ ಅದನ್ನು ಇಳಿಸಿದರೆ ನೇರದಾರಿಯಲ್ಲಿ ಗಳಿಸಿದ್ದನ್ನು ಲೆಸ್ಮೊ, ಅಸ್ಕಾರಿ ತಿರುವುಗಳಲ್ಲಿ ಕಳೆದುಕೊಳ್ಳಬಹುದು. ಪೂರ್ತಿ ಲ್ಯಾಪಿನ ಒಂದೇ ಸಂಖ್ಯೆಯಲ್ಲಿ ಇವೆರಡೂ ಅಡಗಿಹೋಗುತ್ತವೆ. ಆದ್ದರಿಂದ ಓಟದ ದತ್ತಾಂಶ ತೋರಿಸುವ ಮೋಟೆಕ್ ತಂತ್ರಾಂಶದಲ್ಲಿ ಸೆಕ್ಟರ್‌ಗಳನ್ನು, ಅಂದರೆ ಲ್ಯಾಪಿನ ಮೂರು ಭಾಗಗಳನ್ನು, ಬೇರೆಬೇರೆಯಾಗಿ ನೋಡಬೇಕು. ಮೂರು ಸೆಕ್ಟರ್‌ಗಳ ಏರುಪೇರು ಸಮವಾಗಿದ್ದು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, 0.3ರ ವಿಚಲನೆ ಸೆಕ್ಟರ್‌ಗೆ 0.17 ಆಗುತ್ತದೆ. ಬದಲಾವಣೆಯ ಪರಿಣಾಮ ಒಂದೇ ಸೆಕ್ಟರ್‌ನಲ್ಲಿ ನಿಂತಿದ್ದರೆ 72ರ ಬದಲು 24 ಸುತ್ತಿನಲ್ಲಿ ಅದು ಕಣ್ಣಿಗೆ ಬೀಳುತ್ತದೆ.