ಅಡತಿ ಅಂಗಡಿ, ಸೊಸಾಯಿಟಿ, ಕಾಲೇಜು: ವಿಜಯಪುರ ಸೀಮೆಯ ವ್ಯವಹಾರ ಕಲಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವ್ಯವಹಾರ ಶಿಕ್ಷಣದ ಚರಿತ್ರೆಯನ್ನು ವಾಣಿಜ್ಯ ಕಾಲೇಜುಗಳಿಂದ ಶುರುಮಾಡುವುದು ವಾಡಿಕೆ. ಆದರೆ ಆ ಕಾಲೇಜುಗಳ ಹೆಸರೇ ಬೇರೆ ಕಥೆ ಹೇಳುತ್ತದೆ. ಇಂಡಿಯ ಪದವಿ ಕಾಲೇಜಿನ ಹೆಸರಲ್ಲಿ ಗಾಂಧಿ, ಪಾಟೀಲ, ದೋಶಿ ಇದ್ದಾರೆ. ಸಿಂದಗಿಯದರಲ್ಲಿ ಪೋರವಾಲ, ಸಾಲಿಮಠ. ಗಾಂಧಿ, ದೋಶಿ, ಪೋರವಾಲ ಎಂಬವು ಗುಜರಾತ, ರಾಜಸ್ಥಾನ ಮೂಲದ ವರ್ತಕರಲ್ಲಿ ಬಳಕೆಯಲ್ಲಿರುವ ಅಡ್ಡಹೆಸರುಗಳು. ಅಂದರೆ ಪೇಟೆ ಮೊದಲು ಬಂತು, ಕಾಲೇಜು ಆಮೇಲೆ. ಕೀರ್ದಿ (ದಿನದ ಲೆಕ್ಕ) ಬರೆಯುವುದು, ಖತಾವಣಿ (ಖಾತೆಗೆ ಏರಿಸುವುದು) ಮಾಡುವುದು, ಮಾಲು ನೋಡಿ ದರ ಹೇಳುವುದು, ಉದ್ರಿ ವಸೂಲು ಮಾಡುವುದು ಇವೆಲ್ಲ ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಯಜಮಾನನ ಗಾದಿಯ ಪಕ್ಕ ಕೂತು ಕಲಿಯುವ ವಿದ್ಯೆ. ಕೆಲಸದ ನಡುವೆಯೇ, ಅಂಚಿನಿಂದ ಒಳಕ್ಕೆ ಸರಿಯುತ್ತ ಕಲಿಯುವುದನ್ನು ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಸಿದ್ಧಾಂತವಾಗಿ ನಿರೂಪಿಸಿದರು; ನಿರ್ವಹಣಾ ಕಲಿಕೆಯ ಇಂದಿನ ಸಂಶೋಧನೆ ಅದನ್ನು ಬಹಳವಾಗಿ ನೆಚ್ಚಿಕೊಂಡಿದೆ.

ಗಾದಿಯ ಪಕ್ಕ ಕೂರುವ ಅವಕಾಶ ಯಾರಿಗಿತ್ತು ಎಂಬ ಆಕ್ಷೇಪವಂತೂ ನ್ಯಾಯವಾದದ್ದು. ಮಗನಿಗೆ, ಅಳಿಯನಿಗೆ, ಹೆಚ್ಚೆಂದರೆ ನಂಬಿಕೆಯ ಗುಮಾಸ್ತನಿಗೆ. ಮಾಲು ತಂದ ರೈತನಿಗೆ ಆ ಪುಸ್ತಕ ತೆರೆಯುತ್ತಿರಲಿಲ್ಲ. ಹಾಗಾದರೆ ಬಾಗಿಲು ತೆರೆದದ್ದು ಕಾಲೇಜೇ ಎನ್ನಬಹುದು. ನನ್ನ ವಾದ ಬೇರೆ: ಮೊದಲು ತೆರೆದದ್ದು ಸಹಕಾರ ಸಂಘ, ಅಂದರೆ ಜನರ ಮಾತಿನ ಸೊಸಾಯಿಟಿ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯ ಬೆನ್ನಿಗೇ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ವಿಜಯಪುರದಲ್ಲಿ ವಕೀಲ ಫ.ಗು. ಹಳಕಟ್ಟಿ 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯ ಸ್ಥಾಪನೆಗೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೆ ಕೈಹಾಕಿದರು. ಶಾಲೆ ಮತ್ತು ಬ್ಯಾಂಕು ಎರಡೇ ವರ್ಷದ ಅಂತರದಲ್ಲಿ, ಒಬ್ಬನೇ ವ್ಯಕ್ತಿಯ ದುಡಿಮೆಯಲ್ಲಿ ಹುಟ್ಟಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಮುಂಬಯಿಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ಶುರುವಾದದ್ದು 1913ರಲ್ಲಿ, ಅಂದರೆ ಈ ಬ್ಯಾಂಕಿನ ನಂತರ. ಅಂಗಡಿಯ ಕೀರ್ದಿ ಮನೆಯ ಗುಟ್ಟು. ಸೊಸಾಯಿಟಿಯ ಜಮಾ-ಖರ್ಚು ಸರ್ವಸಾಧಾರಣ ಸಭೆಯಲ್ಲಿ ಓದಲೇಬೇಕಾದದ್ದು, ಲೆಕ್ಕಪರಿಶೋಧಕನಿಗೆ ತೋರಿಸಲೇಬೇಕಾದದ್ದು. ವ್ಯವಹಾರ ಜ್ಞಾನ ಸಾರ್ವಜನಿಕವಾದದ್ದು ಇಲ್ಲಿ.

ಸಂಘಗಳನ್ನು ಊರಿನ ಗೌಡರೂ ಪಕ್ಷಗಳೂ ಹಿಡಿದುಕೊಂಡವು, ಸಾಲ ಬಾಕಿ ಬೆಳೆಯಿತು, ಮನ್ನಾ ರೂಢಿಯಾಯಿತು, ಅಲ್ಲಿ ಕಲಿತದ್ದಾದರೂ ಏನು ಎಂದು ಕೇಳುವವರಿದ್ದಾರೆ. ಆದರೆ ಆ ವೈಫಲ್ಯ ದಾಖಲೆಯಲ್ಲಿ ಉಳಿದಿದೆ. ಮುಳುಗಿದ ಅಡತಿ ಅಂಗಡಿಯ ಪುಸ್ತಕ ಯಾರ ಕೈಗೂ ಸಿಗದು. ಹಾರ್ವರ್ಡ್ ಬೆಳೆಸಿದ, ಅಹಮದಾಬಾದಿನ ಐಐಎಂ ರೂಢಿಸಿಕೊಂಡ ಪ್ರಕರಣ ಪದ್ಧತಿಗೆ ಬೇಕಾದ್ದು ಇಂಥ ದಾಖಲೆಯೇ. 1979ರಲ್ಲಿ ಗುಜರಾತಿನ ಆನಂದ್ ಊರಿನಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆ ಹುಟ್ಟಿದಾಗ ಅದರ ಬೆನ್ನಿಗೆ ಹಾಲಿನ ಸಹಕಾರ ಸಂಘಗಳ ಅನುಭವವಿತ್ತು. ನಮ್ಮ ನಾಲ್ಕು ತಾಲ್ಲೂಕುಗಳ ಬಿ.ಕಾಂ. ಪಠ್ಯವಾದರೋ ಮೊದಲು ಧಾರವಾಡದಿಂದ, 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬೆಳಗಾವಿಯಿಂದ ಬಂತು. ಭೌಗೋಳಿಕ ಸೂಚಕ ಪಡೆದ ಇಂಡಿಯ ಲಿಂಬೆಗೆ ದರ ಕಟ್ಟುವ ಬಗೆಯನ್ನು ಬಲ್ಲವರು ಆ ಪಠ್ಯ ಬರೆಯುವ ಮೇಜಿನಿಂದ ದೂರವೇ ಉಳಿದರು. ಹೆಣ್ಣುಮಕ್ಕಳ ಮಟ್ಟಿಗೆ ಮಾತ್ರ ಸೊಸಾಯಿಟಿಯೂ ಗಾದಿಗಿಂತ ಬಹಳ ಉದಾರವಾಗಿರಲಿಲ್ಲ. ಅವರ ಕೈಗೆ ಉಳಿತಾಯದ ಪುಸ್ತಕ, ಠರಾವಿನ ವಹಿ, ಸಾಲದ ಲೆಕ್ಕ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸ್ವಸಹಾಯ ಸಂಘಗಳಿಂದ. ಈ ಸೀಮೆಯ ವ್ಯವಹಾರ ಕಲಿಕೆಯ ಮುಂದಿನ ಸಂಶೋಧನೆ ಕಾಲೇಜಿನ ದಾಖಲಾತಿ ಪಟ್ಟಿಗಿಂತ ಮೊದಲು ತೆರೆಯಬೇಕಾದದ್ದು ಆ ವಹಿಗಳನ್ನು.