ಎಪಿಎನ್: ಮೊಬೈಲ್ ಡೇಟಾ ಸಂಪರ್ಕದ ಸೆಟ್ಟಿಂಗ್

ಎಪಿಎನ್, ಅಂದರೆ ಆ್ಯಕ್ಸೆಸ್ ಪಾಯಿಂಟ್ ನೇಮ್, ಮೊಬೈಲ್ ಕಂಪನಿಯ ಜಾಲದಿಂದ ಇಂಟರ್ನೆಟ್‌ಗೆ ಯಾವ ಗೇಟ್‌ವೇ ಮೂಲಕ ಹೊರಡಬೇಕೆಂದು ಫೋನು ಹೇಳುವ ಹೆಸರು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ವಿಭಾಗದ ಒಳಗೆ ಇದು ಸಿಗುತ್ತದೆ. ರೀಚಾರ್ಜ್ ಆಗಿದೆ, ಸಿಗ್ನಲ್ ತುಂಬ ಇದೆ, ಕರೆಯೂ ಹೋಗುತ್ತಿದೆ, ನೆಟ್ ಮಾತ್ರ ಬರುತ್ತಿಲ್ಲ ಎನ್ನುವಾಗ ನೋಡಬೇಕಾದ ಜಾಗಗಳಲ್ಲಿ ಇದೊಂದು.

ಸಿಗ್ನಲ್ ಬೇರೆ, ಡೇಟಾ ಸಂಪರ್ಕ ಬೇರೆ. ಸಿಗ್ನಲ್ ಕಡ್ಡಿಗಳು ತೋರಿಸುವುದು ಫೋನಿಗೂ ಟವರಿಗೂ ನಡುವಿನ ರೇಡಿಯೊ ಬಲವನ್ನಷ್ಟೆ. ಫೋನನ್ನು ಆನ್ ಮಾಡಿದಾಗ ಸಿಮ್‌ನಲ್ಲಿರುವ ಗುರುತಿನ ಸಂಖ್ಯೆಯ ಮೂಲಕ ಅದು ಜಾಲದಲ್ಲಿ ನೋಂದಣಿಯಾಗುತ್ತದೆ. ಆ ಸಂಖ್ಯೆಯ ಮೊದಲ ಮೂರು ಅಂಕಿ ದೇಶದ್ದು. ಭಾರತದ ಬಹುಪಾಲು ಸಿಮ್‌ಗಳಲ್ಲಿ ಅದು 404 ಅಥವಾ 405. ಅದರ ಮುಂದಿನ ಅಂಕಿಗಳು ಕಂಪನಿಯನ್ನೂ ವಲಯವನ್ನೂ ಹೇಳುತ್ತವೆ: ಕರ್ನಾಟಕದ ಏರ್‌ಟೆಲ್ 404-45, ಬಿಎಸ್‌ಎನ್‌ಎಲ್ 404-71. ಡೇಟಾ ಬೇಕೆಂದಾಗ ಫೋನು ಎಪಿಎನ್ ಹೆಸರನ್ನು ಸೇರಿಸಿ ಇನ್ನೊಂದು ಕೋರಿಕೆ ಕಳಿಸುತ್ತದೆ. ಜಾಲ ಆ ಹೆಸರನ್ನು ತನ್ನ ಒಳಗಿನ ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ವಿಳಾಸ ಕಂಡುಹಿಡಿಯುವ ವ್ಯವಸ್ಥೆ) ಹುಡುಕಿ, ಹೊಂದುವ ಗೇಟ್‌ವೇಗೆ ಜೋಡಿಸುತ್ತದೆ. ಫೋನಿಗೆ ಐಪಿ ವಿಳಾಸ ಸಿಗುವುದು ಅಲ್ಲಿಂದ. 2ಜಿ ಕಾಲದ ಜಿಪಿಆರ್‌ಎಸ್‌ನಿಂದ ಇಂದಿನವರೆಗೆ ಕ್ರಮ ಇದೇ. 5ಜಿ ಮಾನದಂಡದಲ್ಲಿ ಎಪಿಎನ್‌ಗೆ ಡೇಟಾ ನೆಟ್‌ವರ್ಕ್ ನೇಮ್ ಎಂಬ ಹೊಸ ಹೆಸರು ಬಂದಿದೆ, ಕೆಲಸ ಬದಲಾಗಿಲ್ಲ.

ಹೆಸರು ತಪ್ಪಾಗಿದ್ದರೆ ಏನಾಗುತ್ತದೆ ಎಂಬುದು ಕಂಪನಿಯನ್ನು ಅವಲಂಬಿಸಿದೆ. ಕೆಲವು ಜಾಲಗಳು ತಪ್ಪು ಹೆಸರನ್ನು ಬದಿಗಿಟ್ಟು ಗ್ರಾಹಕನಿಗೆ ಮೊದಲೇ ಗೊತ್ತುಮಾಡಿದ ಎಪಿಎನ್‌ಗೆ ಜೋಡಿಸುತ್ತವೆ, ಕೆಲವು ಕೋರಿಕೆಯನ್ನೇ ತಿರಸ್ಕರಿಸುತ್ತವೆ. ಒಂದು ಸಿಮ್‌ನಲ್ಲಿ ಏನು ಬರೆದರೂ ನೆಟ್ ಬಂದು, ಇನ್ನೊಂದರಲ್ಲಿ ಒಂದಕ್ಷರ ತಪ್ಪಿದರೂ ನಿಂತುಹೋಗುವುದಕ್ಕೆ ಇದು ಕಾರಣ. ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯುವುದು ರೂಢಿ. ಜಿಯೋದ್ದು ಜಿಯೋನೆಟ್, ಬಿಎಸ್‌ಎನ್‌ಎಲ್‌ನದು ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ನದು ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್.

ಎಪಿಎನ್ ಪುಟ ತೆರೆದರೆ ಹತ್ತಾರು ಖಾನೆಗಳು ಕಾಣುತ್ತವೆ. ಅವುಗಳಲ್ಲಿ ಬಹುಪಾಲು ಖಾಲಿ ಇರಬೇಕಾದವೇ. ಪ್ರಾಕ್ಸಿ ಮತ್ತು ಪೋರ್ಟ್ ವ್ಯಾಪ್ ಎಂಬ ಹಳೆಯ ಮೊಬೈಲ್ ಇಂಟರ್ನೆಟ್ ವ್ಯವಸ್ಥೆಯ ಕಾಲದಿಂದ ಉಳಿದುಬಂದ ಖಾನೆಗಳು. ಆಗ ಪುಟ್ಟ ಪರದೆಗೆ ಪುಟಗಳನ್ನು ಹೊಂದಿಸಿ ಕೊಡಲು ನಡುವೆ ಒಂದು ಸರ್ವರ್ ಬೇಕಿತ್ತು. ಎಂಎಂಎಸ್‌ಸಿ ಎಂಬುದು ಚಿತ್ರಸಂದೇಶಗಳಿಗೆ ಸೇರಿದ್ದು. ತಿಳಿದಿರಬೇಕಾದವು ಮುಖ್ಯವಾಗಿ ಎರಡು: ವಿಧ ಮತ್ತು ಪ್ರೋಟೊಕಾಲ್.

ಒಂದೇ ಫೋನು ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಎಪಿಎನ್‌ಗಳನ್ನು ಬಳಸಬಲ್ಲದು. ಯಾವುದು ಯಾವುದಕ್ಕೆ ಎಂದು ಹೇಳುವುದು ವಿಧದ ಖಾನೆ. ಡಿಫಾಲ್ಟ್ ಎಂದರೆ ಸಾಮಾನ್ಯ ಇಂಟರ್ನೆಟ್, ಡನ್ ಎಂದರೆ ಹಾಟ್‌ಸ್ಪಾಟ್, ಐಎಂಎಸ್ ಎಂದರೆ 4ಜಿ ಕರೆ. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ಜಿಯೋಗೆ 2ಜಿ, 3ಜಿ ಜಾಲಗಳೇ ಇರಲಿಲ್ಲ. ಹಾಗಾಗಿ ಅದರಲ್ಲಿ ಪ್ರತಿ ಕರೆಯೂ ವೋಲ್ಟಿ, ಅಂದರೆ ಡೇಟಾ ರೂಪದಲ್ಲಿ ಸಾಗುವ ಧ್ವನಿ. ಆದರೂ ಮೊಬೈಲ್ ಡೇಟಾ ಆಫ್ ಮಾಡಿದರೆ ಕರೆ ನಿಲ್ಲುವುದಿಲ್ಲ. ಆ ಗುಂಡಿ ಡಿಫಾಲ್ಟ್ ಸಂಪರ್ಕವನ್ನು ಮುಚ್ಚುತ್ತದೆ, ಐಎಂಎಸ್ ಸಂಪರ್ಕ ತೆರೆದೇ ಇರುತ್ತದೆ.

ಪ್ರೋಟೊಕಾಲ್ ಖಾನೆಯಲ್ಲಿ ಐಪಿ ವಿಳಾಸದ ಎರಡು ಬಗೆಗಳಾದ ಐಪಿವಿ4, ಐಪಿವಿ6, ಇಲ್ಲವೇ ಎರಡೂ ಎಂಬ ಆಯ್ಕೆಗಳಿವೆ. ಐಪಿವಿ4ರಲ್ಲಿ ಸಾಧ್ಯವಿರುವ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ. ಫೋನುಗಳ ಸಂಖ್ಯೆಗೆ ಅದು ಸಾಲದು. ಭಾರತದ ಕಂಪನಿಗಳು, ಮುಖ್ಯವಾಗಿ ಜಿಯೋ, ಐಪಿವಿ6ಕ್ಕೆ ವಾಲಿರುವುದು ಈ ಕೊರತೆಯಿಂದ. ಎರಡೂ ಇರುವ ಆಯ್ಕೆಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಎಲ್ಲವನ್ನೂ ಸಾಮಾನ್ಯವಾಗಿ ಯಾರೂ ಕೈಯಾರೆ ತುಂಬುವುದಿಲ್ಲ. ಆಂಡ್ರಾಯ್ಡ್ ಫೋನಿನೊಳಗೆ ದೇಶವಿದೇಶಗಳ ಕಂಪನಿಗಳ ಪಟ್ಟಿಯೊಂದಿದ್ದು, ಸಿಮ್‌ನ ಸಂಖ್ಯೆ ನೋಡಿ ತಾನೇ ಆರಿಸುತ್ತದೆ. ಐಫೋನ್‌ನಲ್ಲಿ ಕಂಪನಿ ಸಿದ್ಧಪಡಿಸಿದ ಕಡತ ಆ ಕೆಲಸ ಮಾಡುತ್ತದೆ. ಎಷ್ಟೋ ಸಲ ಖಾನೆಗಳೇ ಬಳಕೆದಾರನಿಗೆ ಕಾಣುವುದಿಲ್ಲ. ಹೊರದೇಶದಲ್ಲಿ ಕೊಂಡ ಫೋನು, ಹಳೆಯ ಡಾಂಗಲ್‌ಗಳಲ್ಲಿ ಮಾತ್ರ ಕೈಹಾಕಬೇಕಾಗಬಹುದು. ಎಪಿಎನ್ ಇಂಟರ್ನೆಟ್‌ಗೇ ಕರೆದೊಯ್ಯಬೇಕೆಂಬ ನಿಯಮವೂ ಇಲ್ಲ. ಕಾರ್ಡ್ ಸ್ವೈಪ್ ಯಂತ್ರ, ಸ್ಮಾರ್ಟ್ ವಿದ್ಯುತ್ ಮೀಟರ್‌ಗಳ ಸಿಮ್‌ಗಳಿಗೆ ಖಾಸಗಿ ಎಪಿಎನ್ ಕೊಡುವುದುಂಟು. ಅವು ಸಂಸ್ಥೆಯ ಸ್ವಂತ ಜಾಲಕ್ಕೆ ನೇರವಾಗಿ ತಲುಪುತ್ತವೆ.

ವಿದೇಶದ ರೋಮಿಂಗ್‌ನಲ್ಲಿ ಊರಿನ ಎಪಿಎನ್ ಬದಲಾಗಬೇಕಿಲ್ಲ. ಮಂಗಳೂರಿನವರೊಬ್ಬರು ಇಲ್ಲಿನ ಸಿಮ್ ಹಾಕಿಕೊಂಡು ದುಬೈನಲ್ಲಿ ನೆಟ್ ಬಳಸಿದರೆ, ಡೇಟಾ ಸಾಮಾನ್ಯವಾಗಿ ಭಾರತದ ಗೇಟ್‌ವೇಗೆ ಬಂದು ಹೋಗುತ್ತದೆ. ಜಾಲತಾಣಗಳು ಅವರನ್ನು ಭಾರತದಲ್ಲೇ ಇರುವವರೆಂದು ತಿಳಿಯುವುದೂ, ಪುಟಗಳು ತುಸು ತಡವಾಗಿ ತೆರೆಯುವುದೂ ಇದರಿಂದ. ಅಲ್ಲಿ ಆನ್ ಮಾಡಬೇಕಾದದ್ದು ಡೇಟಾ ರೋಮಿಂಗ್ ಗುಂಡಿಯನ್ನು, ಅದೂ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡ ಮೇಲೆ.

ಎಪಿಎನ್ ಬದಲಿಸಿದರೆ ವೇಗ ಹೆಚ್ಚುತ್ತದೆ ಎಂಬ ಮಾತು ಬಹಳ ಹರಡಿದೆ. ಆದರೆ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಟವರಿನ ದೂರ, ತರಂಗಾಂತರ, ಆ ಹೊತ್ತಿಗೆ ಅದನ್ನು ಬಳಸುತ್ತಿರುವವರ ಸಂಖ್ಯೆ ಮತ್ತು ಪ್ಲಾನ್. ಅಪರಿಚಿತರು ಕೊಟ್ಟ ಹೆಸರನ್ನೂ ಪ್ರಾಕ್ಸಿಯನ್ನೂ ತುಂಬುವುದು ಅಪಾಯಕರ, ಏಕೆಂದರೆ ಪ್ರಾಕ್ಸಿ ಬರೆದರೆ ಫೋನಿನ ಡೇಟಾ ಆ ಸರ್ವರ್ ಮೂಲಕ ಹಾದುಹೋಗಬಹುದು. ಸೆಟ್ಟಿಂಗ್‌ಗಳನ್ನು ಸಂದೇಶದಲ್ಲಿ ಕಳಿಸುವ ವ್ಯವಸ್ಥೆಯನ್ನು ವಂಚಕರು ಹೀಗೇ ಬಳಸಿಕೊಳ್ಳಬಹುದೆಂದು 2019ರಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು ತೋರಿಸಿದರು. ಕಂಪನಿಯಿಂದ ಬಂದಂತೆ ಕಾಣುವ ಇಂಥ ಸಂದೇಶ ತಾನು ಕೇಳದೇ ಬಂದಿದ್ದರೆ ಅದನ್ನು ಒಪ್ಪಿಕೊಳ್ಳಲೇಬಾರದು.

ನೆಟ್ ನಿಂತಾಗ ಮೊದಲು ಏರೋಪ್ಲೇನ್ ಮೋಡ್ ಹಾಕಿ ತೆಗೆಯಬೇಕು. ಫೋನು ಹೊಸದಾಗಿ ನೋಂದಣಿಯಾಗುತ್ತದೆ. ಎರಡು ಸಿಮ್ ಇದ್ದರೆ ಡೇಟಾ ಯಾವುದಕ್ಕೆ ಹೊಂದಿಸಿದೆ ಎಂದು ನೋಡಬೇಕು. ಆಂಡ್ರಾಯ್ಡ್‌ನಲ್ಲಿ 2018ರ ಒಂಬತ್ತನೇ ಆವೃತ್ತಿಯಿಂದ ಇರುವ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ತಪ್ಪು ಹೆಸರು ಉಳಿದಿದ್ದರೂ ಪುಟಗಳು ತೆರೆಯುವುದಿಲ್ಲ. ಆಮೇಲೆ ಎಪಿಎನ್ ಪುಟದ ಮೆನುವಿನಲ್ಲಿ ಮೂಲಸ್ಥಿತಿಗೆ ಮರಳಿಸುವ ಆಯ್ಕೆ ಒತ್ತಬಹುದು. ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಕೊನೆಯ ಹೆಜ್ಜೆ. ಫೋಟೊ, ಸಂದೇಶಗಳಿಗೆ ಅದರಿಂದ ತೊಂದರೆಯಿಲ್ಲವಾದರೂ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೂ ಹಲವು ಫೋನುಗಳಲ್ಲಿ ಜೋಡಿಸಿದ ಬ್ಲೂಟೂತ್ ಸಾಧನಗಳೂ ಅಳಿಸಿಹೋಗುತ್ತವೆ.