ದತ್ತು ಮಗು ಮೊದಲ ದಿನ ಅಳದೆ ಸುಮ್ಮನಿದ್ದರೆ ಹೊಂದಿಕೊಂಡಿದೆ ಎಂದರ್ಥವೇ?

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂಥ ವಿಡಿಯೊಗಳು ಆಗಾಗ ಸುತ್ತುತ್ತಿರುತ್ತವೆ. ವಿದೇಶದ ದಂಪತಿ ನಮ್ಮ ದೇಶದ ಮಗುವೊಂದನ್ನು ದತ್ತು ಪಡೆದು ಮೊದಲ ಸಲ ಎತ್ತಿಕೊಳ್ಳುತ್ತಾರೆ. ಮಗು ಸುಮ್ಮನಿದ್ದರೆ ‘ಜನ್ಮಾಂತರದ ಸಂಬಂಧ, ಮಗು ಅಮ್ಮನನ್ನು ಗುರುತಿಸಿಬಿಟ್ಟಿತು’ ಎಂಬ ಸಾಲು ಕೆಳಗಿರುತ್ತದೆ. ಮಗು ಚೀರಾಡಿದರೆ ‘ಬಲವಂತವಾಗಿ ಕರೆದೊಯ್ಯುತ್ತಿದ್ದಾರೆ, ಎಲ್ಲರಿಗೂ ಕಳುಹಿಸಿ’ ಎಂಬ ಸಾಲು.

ಎರಡೂ ತಪ್ಪು ತಿಳಿವಳಿಕೆ. ಮೊದಲ ದಿನದ ಅಳು ಏನು ಹೇಳುತ್ತದೆ, ಮೌನ ಏನು ಹೇಳುತ್ತದೆ, ಆ ದಿನ ಹೊಸ ಅಪ್ಪ ಅಮ್ಮ ಏನು ಮಾಡಬೇಕು ಎಂಬುದನ್ನು ನೋಡೋಣ.

ಆ ಒಂದು ದಿನದಲ್ಲಿ ಮಗು ಕಳೆದುಕೊಳ್ಳುವುದೇನು?

ಕರ್ನಾಟಕದ ಒಂದು ದತ್ತು ಸಂಸ್ಥೆಯಲ್ಲಿ ಬೆಳೆದ ಮೂರು ವರ್ಷದ ಮಗುವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಎಬ್ಬಿಸುವ ಆಯಾ, ಪಕ್ಕದ ಹಾಸಿಗೆಯ ಗೆಳೆಯ, ಮಧ್ಯಾಹ್ನದ ಅನ್ನ ಸಾರು, ‘ಬಾ ಪುಟ್ಟ’ ಎಂಬ ಕರೆ. ಅದರ ಇಡೀ ಪ್ರಪಂಚ ಅಷ್ಟೇ. ಒಂದು ದಿನ ಬೇರೆ ಬಣ್ಣದ, ಬೇರೆ ವಾಸನೆಯ, ಒಂದು ಮಾತೂ ಅರ್ಥವಾಗದ ಇಬ್ಬರು ಬಂದು ಕರೆದುಕೊಂಡು ಹೋಗುತ್ತಾರೆ. ಸಂಜೆಗೆ ಹೋಟೆಲ್ ಕೋಣೆ, ಕೆಲವು ದಿನಗಳಲ್ಲಿ ವಿಮಾನ.

ದೊಡ್ಡವರಿಗೆ ಅದು ವರ್ಷಗಟ್ಟಲೆ ಕಾದು ಬಂದ ಸಂಭ್ರಮದ ದಿನ. ಮಗುವಿಗೆ ಮಾತ್ರ ಗೊತ್ತಿದ್ದವರೆಲ್ಲ ಒಮ್ಮೆಲೇ ಇಲ್ಲವಾದ ದಿನ. ಹೊಸ ಮನೆ ಎಷ್ಟೇ ಒಳ್ಳೆಯದಿರಲಿ, ‘ಇನ್ನು ಎಲ್ಲ ಸರಿಹೋಗುತ್ತದೆ’ ಎಂದು ಆ ವಯಸ್ಸಿನ ಮಗುವಿಗೆ ತಿಳಿಸಿ ಹೇಳಲು ಆಗುವುದಿಲ್ಲ.

ನಂಬಿಕೆ 1: ಸುಮ್ಮನಿರುವ ಮಗು ಹೊಂದಿಕೊಂಡಿದೆ

ಈ ತಪ್ಪನ್ನು ಒಂದು ಕಾಲದಲ್ಲಿ ಆಸ್ಪತ್ರೆಗಳೂ ಮಾಡುತ್ತಿದ್ದವು. ಆಗ ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ದಾಖಲಾದ ಮಕ್ಕಳನ್ನು ನೋಡಲು ತಾಯಿ ತಂದೆಗೆ ಹೆಚ್ಚು ಅವಕಾಶವಿರಲಿಲ್ಲ. ಮಗು ಮೊದಲು ಅತ್ತು ರಂಪ ಮಾಡುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಅಂದರೆ ಹೊಂದಿಕೊಂಡಿತು ಎಂದು ಸಿಬ್ಬಂದಿ ನಂಬಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ಎಂಟು ದಿನಗಳನ್ನು ಚಿತ್ರೀಕರಿಸಿ ತೋರಿಸಿದರು. ಅವರು ಮತ್ತು ಮನೋವೈದ್ಯ ಜಾನ್ ಬೌಲ್ಬಿ ಇಂಥ ಮಕ್ಕಳಲ್ಲಿ ಮೂರು ಹಂತ ಗುರುತಿಸಿದರು. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಯಾರೂ ಬೇಡವೆಂಬಂತೆ ದೂರವಾಗುವುದು. ಸಿಬ್ಬಂದಿ ‘ಹೊಂದಿಕೊಂಡಿತು’ ಎಂದುಕೊಂಡಿದ್ದು ಎರಡನೆಯ, ಮೂರನೆಯ ಹಂತವನ್ನು. ಮಕ್ಕಳನ್ನು ನೋಡಲು ಹೆತ್ತವರಿಗೆ ತಡೆಯಿಲ್ಲದ ಅವಕಾಶ ಇರಬೇಕೆಂದು ಬ್ರಿಟನ್ನಿನ ಸರಕಾರಿ ಸಮಿತಿಯೊಂದು 1959ರಲ್ಲಿ ಶಿಫಾರಸು ಮಾಡಿತು.

ದತ್ತು ಮಗುವಿನ ಮೊದಲ ದಿನಕ್ಕೂ ಈ ಪಾಠ ಅನ್ವಯಿಸುತ್ತದೆ. ಕದಲದೆ ಕೂರುವುದು, ಕಣ್ಣು ತಪ್ಪಿಸುವುದು, ಹೊತ್ತಲ್ಲದ ಹೊತ್ತಲ್ಲಿ ಗಾಢ ನಿದ್ದೆಗೆ ಜಾರುವುದು ಭಯದ ಗುರುತೂ ಆಗಿರಬಹುದು. ಎಲ್ಲರ ತೋಳಿಗೂ ನಗುತ್ತಾ ಹಾರುವ ಮಗುವನ್ನೂ ‘ಎಷ್ಟು ಬೇಗ ಹೊಂದಿಕೊಂಡಿತು’ ಎಂದು ಹೊಗಳುವಂತಿಲ್ಲ. ಪಾಳಿಯ ಮೇಲೆ ಬದಲಾಗುವ ಹತ್ತಾರು ಆರೈಕೆದಾರರ ನಡುವೆ ಬೆಳೆದ ಕೆಲವು ಮಕ್ಕಳು, ತಮ್ಮವರು ಯಾರು ಅಪರಿಚಿತರು ಯಾರು ಎಂಬ ಭೇದವಿಲ್ಲದೆ ಎಲ್ಲರ ಬಳಿ ಹೋಗುತ್ತಾರೆ.

ನಂಬಿಕೆ 2: ಅಳುವ ಮಗುವಿಗೆ ಹೊಸ ಅಪ್ಪ ಅಮ್ಮ ಇಷ್ಟವಿಲ್ಲ

ಆಯಾಳಿಗಾಗಿ ಬಿಕ್ಕಿ ಬಿಕ್ಕಿ ಅಳುವ ಮಗು ಒಂದು ಒಳ್ಳೆಯ ಸುದ್ದಿಯನ್ನೂ ಹೇಳುತ್ತಿದೆ. ಅದು ಒಬ್ಬರನ್ನು ಹಚ್ಚಿಕೊಂಡಿತ್ತು. ಒಬ್ಬರನ್ನು ಹಚ್ಚಿಕೊಳ್ಳಲು ಕಲಿತ ಮಗು ಇನ್ನೊಬ್ಬರನ್ನೂ ಹಚ್ಚಿಕೊಳ್ಳಬಲ್ಲದು, ಸಮಯ ಬೇಕಷ್ಟೆ. ಮಗು ಅಮ್ಮನನ್ನು ದೂಡಿ ಅಪ್ಪನನ್ನಷ್ಟೇ ಬಿಗಿಹಿಡಿಯುವುದು ಅಥವಾ ಇದಕ್ಕೆ ತದ್ವಿರುದ್ಧವಾಗಿ ನಡೆಯುವುದು ಕೂಡ ಸಾಮಾನ್ಯ. ಇದನ್ನು ತಿರಸ್ಕಾರ ಎಂದುಕೊಂಡು ನೊಂದುಕೊಳ್ಳುವ ಅಗತ್ಯವಿಲ್ಲ.

ನಂಬಿಕೆ 3: ಚಿಕ್ಕ ಮಗು, ಹಿಂದಿನದೇನೂ ಉಳಿಯುವುದಿಲ್ಲ

ಘಟನೆಗಳ ನೆನಪು ಅಳಿಸಿಹೋಗಬಹುದು. ಆದರೆ ಕೇಳಿದ ಭಾಷೆಯ ಗುರುತು ಒಳಗೆಲ್ಲೋ ಉಳಿದಿರುತ್ತದೆ. ಭಾರತದಿಂದ ಅಮೆರಿಕಕ್ಕೆ ಎಳವೆಯಲ್ಲೇ ದತ್ತು ಹೋಗಿ ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನಮ್ಮ ‘ತ’ ಮತ್ತು ‘ಟ’ ನಡುವಿನಂಥ ವ್ಯತ್ಯಾಸ ಇಂಗ್ಲಿಷ್ ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಈ ಮಕ್ಕಳಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ತರಬೇತಿಯ ನಂತರ ದತ್ತು ಮಕ್ಕಳು ಎರಡನ್ನೂ ಬೇರ್ಪಡಿಸಿದರು, ಅಮೆರಿಕದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಅದು ಆಗಲಿಲ್ಲ.

2014ರಲ್ಲಿ ಕೆನಡಾದ ಸಂಶೋಧಕರು ಚೀನಾದಿಂದ ದತ್ತು ಬಂದು ಫ್ರೆಂಚ್ ಮಾತ್ರ ಬಲ್ಲ ಹುಡುಗಿಯರ ಮಿದುಳನ್ನು ಸ್ಕ್ಯಾನ್ ಮಾಡಿದರು. ಚೀನೀ ಭಾಷೆಯ ಸ್ವರದ ಏರಿಳಿತ ಕೇಳಿಸಿದಾಗ ಅವರ ಮಿದುಳು ಪ್ರತಿಕ್ರಿಯಿಸಿದ್ದು ಇಂದಿಗೂ ಚೀನೀ ಮಾತಾಡುವವರ ಮಿದುಳಿನಂತೆಯೇ. ಹುಡುಗಿಯರಿಗೆ ಮಾತ್ರ ಒಂದು ಪದವೂ ಗೊತ್ತಿರಲಿಲ್ಲ.

ನಂಬಿಕೆ 4: ಬೆನ್ನಿನ ನೀಲಿ ಮಚ್ಚೆ ಹೊಡೆದ ಗುರುತು

ಮೊದಲ ಸ್ನಾನದಲ್ಲಿ ವಿದೇಶಿ ದಂಪತಿ ಗಾಬರಿಯಾಗುವ ಸಂಗತಿ ಇದು. ಸೊಂಟ, ಬೆನ್ನಿನ ಕೆಳಭಾಗ, ಕುಂಡೆಯ ಮೇಲೆ ನೀಲಿ ಅಥವಾ ಬೂದು ಬಣ್ಣದ ಮಚ್ಚೆ ಏಷ್ಯಾದ ಮಕ್ಕಳಲ್ಲಿ ಹುಟ್ಟಿನಿಂದಲೇ ಬಹಳ ಸಾಮಾನ್ಯ. ಚರ್ಮದ ಬಣ್ಣ ತಯಾರಿಸುವ ಕೋಶಗಳು ಒಳಪದರದಲ್ಲಿ ಉಳಿದುಕೊಂಡಿದ್ದರಿಂದ ಹಾಗೆ ಕಾಣುತ್ತದೆ. ನೋವಿರುವುದಿಲ್ಲ. ಪೆಟ್ಟಿನ ಗುರುತು ಕೆಲವೇ ದಿನಗಳಲ್ಲಿ ಬಣ್ಣ ಬದಲಿಸಿ ಮಾಯವಾಗುತ್ತದೆ, ಈ ಮಚ್ಚೆ ಮಾಸಲು ವರ್ಷಗಳು ಬೇಕು. ಸಂಸ್ಥೆ ಕೊಡುವ ವೈದ್ಯಕೀಯ ವರದಿಯಲ್ಲಿ ಇದನ್ನು ನಮೂದಿಸಿದ್ದರೆ ಅರ್ಧ ಆತಂಕ ತಪ್ಪುತ್ತದೆ.

ಹಾಗಾದರೆ ಮೊದಲ ದಿನ ಮಾಡಬೇಕಾದ್ದೇನು?

• ಹೊರಡುವ ಮುನ್ನ ಆಯಾ ಬಳಿ ಕೇಳಿಕೊಳ್ಳಿ: ಮಗುವನ್ನು ಏನೆಂದು ಕರೆಯುತ್ತಾರೆ, ಹೇಗೆ ಮಲಗಿಸುತ್ತಾರೆ, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ.
• ಮಗು ಹೊದೆಯುತ್ತಿದ್ದ ಬಟ್ಟೆ ಅಥವಾ ಆಟಿಕೆ ಸಿಕ್ಕರೆ ತೆಗೆದುಕೊಳ್ಳಿ, ತೊಳೆಯಬೇಡಿ. ಮಗುವಿಗೆ ಗೊತ್ತಿರುವ ವಾಸನೆ ಅದೊಂದೇ.
• ಅದೇ ಹಾಲು, ಅದೇ ಊಟ ಮುಂದುವರಿಸಿ. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡಬಹುದು.
• ನೀರು, ಊಟ, ಸೂಸು, ನಿದ್ದೆ, ಬಾ, ನೋವಾ. ಇಷ್ಟು ಕನ್ನಡ ಕಲಿತಿದ್ದರೂ ಮಗುವಿಗೆ ಆಸರೆ. ಹೆಸರನ್ನು ಅಂದೇ ಬದಲಿಸಬೇಡಿ.
• ಹತ್ತಾರು ಮಕ್ಕಳ ಜೊತೆ ಮಲಗಿ ಅಭ್ಯಾಸವಿರುವ ಮಗುವಿಗೆ ಕತ್ತಲೆಯ ಒಂಟಿ ಕೋಣೆ ಭಯ ಹುಟ್ಟಿಸುತ್ತದೆ. ನಿಮ್ಮ ಕೋಣೆಯಲ್ಲೇ ಮಲಗಿಸಿ, ಸಣ್ಣ ದೀಪ ಉರಿಯುತ್ತಿರಲಿ.
• ತಿನ್ನಿಸುವುದು, ತೊಳೆಯುವುದು, ಎತ್ತಿಕೊಳ್ಳುವುದು ಅಪ್ಪ ಅಮ್ಮ ಮಾತ್ರ ಮಾಡಲಿ. ನೆಂಟರ ಕೈಯಿಂದ ಕೈಗೆ ಮಗುವನ್ನು ದಾಟಿಸಬೇಡಿ.
• ಅತ್ತರೆ ಬಾಯಿ ಮುಚ್ಚಿಸಲು ಹೋಗಬೇಡಿ. ಹತ್ತಿರ ಕುಳಿತುಕೊಳ್ಳಿ. ‘ನನ್ನ ಮುಖ ನೋಡು, ಮುತ್ತು ಕೊಡು’ ಎಂದು ಒತ್ತಾಯಿಸಬೇಡಿ.
• ಮಗು ರೊಟ್ಟಿ, ಬಿಸ್ಕತ್ತು ಬಚ್ಚಿಟ್ಟುಕೊಂಡರೆ ಗದರಬೇಡಿ. ಕೇಳಿದಾಗ ಊಟ ಸಿಗುತ್ತದೆ ಎಂಬ ನಂಬಿಕೆ ಬಂದ ಮೇಲೆ ಅದು ಕಡಿಮೆಯಾಗುತ್ತದೆ.

ಆದರೆ ಎಲ್ಲವನ್ನೂ ‘ದುಃಖ’ ಎಂದು ಬಿಡುವಂತಿಲ್ಲ. ಜ್ವರ, ಬಿಡದ ವಾಂತಿ ಭೇದಿ, ನೀರನ್ನೂ ಕುಡಿಯದಿರುವುದು, ಎಂಟು ಗಂಟೆಯಾದರೂ ಮೂತ್ರ ಮಾಡದಿರುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಫಾರ್ವರ್ಡ್ ಮಾಡುವ ಮುನ್ನ

ದೇಶದಾಚೆಯ ದತ್ತಿಗೆ 1993ರ ಹೇಗ್ ಒಪ್ಪಂದವಿದೆ, ಭಾರತ ಅದನ್ನು 2003ರಲ್ಲಿ ಅನುಮೋದಿಸಿದೆ. ಅನಾಥ ಅಥವಾ ಹೆತ್ತವರು ತೊರೆದ ಮಗುವನ್ನು ದತ್ತಿಗೆ ಅರ್ಹವೆಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಬೇಕು, ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ ಅಂದರೆ ‘ಕಾರಾ’ ನಿರಾಕ್ಷೇಪಣಾ ಪತ್ರ ಕೊಡಬೇಕು, ಜಿಲ್ಲಾಧಿಕಾರಿ ಆದೇಶ ಹೊರಡಿಸಬೇಕು. ಮಗು ಹೋದ ಮೇಲೂ ಎರಡು ವರ್ಷ ಪ್ರಗತಿ ವರದಿ ಬರಬೇಕು. ಒಂದು ವಿಡಿಯೊದ ಅಳು ನೋಡಿ ಇದೆಲ್ಲ ನಡೆದಿದೆಯೋ ಇಲ್ಲವೋ ಎಂದು ಹೇಳಲಾಗದು. ನಿಜವಾಗಿ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ಆರೈಕೆ ಮತ್ತು ರಕ್ಷಣೆ ಬೇಕಿರುವ ಮಗುವಿನ ಗುರುತನ್ನು ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2021ರ ಕೋವಿಡ್ ಸಮಯದಲ್ಲಿ ‘ತಬ್ಬಲಿ ಮಕ್ಕಳಿವೆ, ದತ್ತು ಬೇಕಾದವರು ಈ ನಂಬರಿಗೆ ಕರೆ ಮಾಡಿ’ ಎಂಬ ಸಂದೇಶಗಳು ಹರಿದಾಡಿದ್ದು ನಿಮಗೆ ನೆನಪಿರಬಹುದು. ಹಾಗೆ ನೇರವಾಗಿ ಮಗುವನ್ನು ಕೊಡುವುದೂ ಪಡೆಯುವುದೂ ಕಾನೂನುಬಾಹಿರ.

ಒಟ್ಟಿನಲ್ಲಿ

ಮೊದಲ ದಿನದ ಅಳು ಅಥವಾ ನಗು ನೋಡಿ ಸಂಬಂಧದ ಭವಿಷ್ಯ ಹೇಳಲಾಗುವುದಿಲ್ಲ. ನಂಬಿಕೆ ಬೆಳೆಯುವುದು ಮುಂದಿನ ತಿಂಗಳುಗಳಲ್ಲಿ, ಹಸಿದಾಗ ಊಟ, ಹೆದರಿದಾಗ ಮಡಿಲು ಮತ್ತೆ ಮತ್ತೆ ಸಿಕ್ಕಾಗ. ನಿಮ್ಮ ನೆಂಟರಲ್ಲೋ ನೆರೆಯಲ್ಲೋ ಯಾರಾದರೂ ದತ್ತು ಮಗುವನ್ನು ಮನೆಗೆ ತಂದರೆ ಮೊದಲ ವಾರ ನೋಡಲು ಹೋಗಬೇಡಿ. ಬಾಗಿಲಲ್ಲಿ ಒಂದು ಡಬ್ಬಿ ಊಟ ಕೊಟ್ಟು ಬನ್ನಿ. ಆ ಮನೆಗೆ ಆಗ ಬೇಕಾಗಿರುವುದು ಅದೇ.